ಈ ಸಲ ಯಾರು ಗೆಲ್ಲುತ್ತಾರೆಂದು ನನ್ನ ಗಂಡ ಹೇಳಿದ್ದು

ಲಿಂಗಸುಗೂರಿನ ಬಯಲಿನಲ್ಲಿ ಈ ಸಲ ಯಾರು ಗೆಲ್ಲುತ್ತಾರೆಂದು ನನ್ನ ಗಂಡ ಹೇಳಿದರೆ ಹಾಗೆಯೇ ಆಗುತ್ತಿತ್ತು. ಮೂರು ವರ್ಷ ಹಾಗೇ ಆಯಿತು. ಅವನಿಗೆ ಕಣ್ಣಿದೆ ಎಂದು ಸಾಹೇಬರು ಅನ್ನುತ್ತಿದ್ದರು. ಕಣ್ಣು ಅವನದಲ್ಲ, ನನ್ನದು. ಆಗ ಇದನ್ನು ಯಾರಿಗೂ ಹೇಳಲಿಲ್ಲ. ಈಗ ಹೇಳಿದರೆ ಯಾರಿಗೂ ಏನೂ ಆಗುವುದಿಲ್ಲ, ಅದಕ್ಕೆ ಹೇಳುತ್ತೇನೆ.

ಆಟ ಗಾಲ್ಫು. ಕೋಲಿನಿಂದ ಸಣ್ಣ ಬಿಳಿ ಚೆಂಡನ್ನು ಹೊಡೆದು ದೂರದ ಕುಳಿಗೆ ಹಾಕಬೇಕು. ಕಡಿಮೆ ಏಟಿನಲ್ಲಿ ಹಾಕಿದವನು ಗೆದ್ದ. ಇಷ್ಟೇ. ಪೊಲೀಸ್ ಆಕ್ಷನ್ ಆಗಿ ನಿಜಾಮರ ಕಾಲ ಮುಗಿದ ಮೇಲೆ, ಕಾಲುವೆ ತೋಡಿಸುವುದಕ್ಕೆ ಎಂಜಿನಿಯರ್ ಸಾಹೇಬರು ಬಂದರು. ಹಿಂದೆ ದಂಡು ಇಳಿಯುತ್ತಿದ್ದ ಖಾಲಿ ಬಯಲಿನಲ್ಲಿ ಒಂಬತ್ತು ಕುಳಿ ಮಾಡಿಸಿಕೊಂಡರು. ಪಕ್ಕದ ಹಳೆಯ ಹಂಚಿನ ಮನೆ ಕ್ಲಬ್ಬಾಯಿತು. ಬೇರೆ ಊರುಗಳಲ್ಲಿ ಕುಳಿಯ ಸುತ್ತ ಹುಲ್ಲು ಬೆಳೆಸುತ್ತಾರಂತೆ. ನಮ್ಮಲ್ಲಿ ದನಕ್ಕೇ ಹುಲ್ಲಿಲ್ಲ. ಅದಕ್ಕೆ ಹಳ್ಳದ ನುಣ್ಣನೆಯ ಮರಳಿಗೆ ಲಾರಿಯ ಸುಟ್ಟ ಎಣ್ಣೆ ಕಲೆಸಿ, ರಾಶಿ ಮಾಡುವ ಕಣದ ಹಾಗೆ ದುಂಡಗೆ ಹರವುತ್ತಿದ್ದರು. ಎಣ್ಣೆ ಇದ್ದರೆ ಮರಳು ಗಾಳಿಗೆ ಹಾರುವುದಿಲ್ಲ. ನಾವು ಅದನ್ನು ಕಣ ಎಂದೇ ಕರೆದೆವು. ಒಬ್ಬ ಆಡಿ ಹೋದರೆ ಕಣದ ಮೇಲೆ ಅವನ ಹೆಜ್ಜೆ ಅಚ್ಚೊತ್ತಿದ ಹಾಗೆ ಉಳಿಯುತ್ತಿತ್ತು. ಕೋಲಿಗೆ ಗೋಣಿ ಕಟ್ಟಿ ಎಳೆದು ಅದನ್ನು ಅಳಿಸುವುದು ನನ್ನ ಕೆಲಸ.

ಮದುವೆಯಾದಾಗ ನನ್ನ ಗಂಡ ಮಸ್ಕಿಯ ಗುಡ್ಡದಲ್ಲಿ ಕಲ್ಲು ಕೊರೆಯುತ್ತಿದ್ದ. ಉಳಿ ಹಿಡಿದು ಬಂಡೆಗೆ ತೂತು ಹಾಕಬೇಕು, ತೂತಿಗೆ ಮದ್ದು ತುಂಬಬೇಕು, ಸಿಡಿದ ಮೇಲೆ ಒಡೆಯಬೇಕು. ಸಂಜೆ ಮನೆಗೆ ಬಂದರೆ ಅವನ ರೆಪ್ಪೆಯ ಮೇಲೆ ಬಿಳಿ ಧೂಳು ಕೂತಿರುತ್ತಿತ್ತು. ಬಾಯಿ ಮುಕ್ಕಳಿಸಿದರೆ ಬಿಳಿ ನೀರು. ಅವನ ಜೊತೆಗೆ ಕೆಲಸಕ್ಕೆ ಸೇರಿದ ಐದು ಮಂದಿಯಲ್ಲಿ ಮೂವರು ನಲವತ್ತು ಮುಟ್ಟದೆ ಕೆಮ್ಮಿ ಕೆಮ್ಮಿ ಸತ್ತರು. ಎದೆ ಕಲ್ಲಾಯಿತು ಎಂದು ಊರಲ್ಲಿ ಅನ್ನುತ್ತಿದ್ದರು. ಇವನಿಗೂ ಕೆಮ್ಮು ಹತ್ತಿದಾಗ ನಾನೇ ಉಳಿ ಕಸಿದುಕೊಂಡು ಬಿಸಾಕಿ ಲಿಂಗಸುಗೂರಿಗೆ ಕರೆದುಕೊಂಡು ಬಂದೆ. ಎರಡು ಮಕ್ಕಳು ಹುಟ್ಟಿ ಎರಡೂ ಹೋಗಿದ್ದವು, ಹಿಂದೆ ಎಳೆಯುವವರು ಯಾರೂ ಇರಲಿಲ್ಲ. ಕ್ಲಬ್ಬಿನಲ್ಲಿ ಚೀಲ ಹೊರುವವರು ಬೇಕಾಗಿದ್ದರು. ಕೋಲುಗಳ ಚೀಲ ಹೊತ್ತು ಸಾಹೇಬರ ಹಿಂದೆ ನಡೆಯಬೇಕು, ಚೆಂಡು ಬಿದ್ದ ಕಡೆ ಹೋಗಿ ಹುಡುಕಬೇಕು. ಕಲ್ಲಿಗಿಂತ ಹಗುರ. ಅವನಿಗೆ ಚೀಲ ಸಿಕ್ಕಿತು, ನನಗೆ ಗೋಣಿ ಸಿಕ್ಕಿತು.

ನಮ್ಮಪ್ಪ ಜವಳಗೇರಾ ಕಡೆ ಕುರಿ ಕಾಯುತ್ತಿದ್ದ. ಹಿಂಡು ಹೋದ ಮೇಲೆ ಕೆಸರಿನಲ್ಲಿ ಗೊರಸು ನೋಡಿ, ಇಂಥ ಕುರಿ ನಾಳೆ ಕುಂಟುತ್ತದೆ, ಇಂಥದ್ದು ಈ ವಾರ ಈಯುತ್ತದೆ ಎಂದು ಹೇಳುತ್ತಿದ್ದ. ಗೊರಸು ಯಾವ ಕಡೆ ಆಳಕ್ಕೆ ಇಳಿದಿದೆ, ಯಾವ ಕಡೆ ತೇಲಿದೆ, ಎಲ್ಲಿ ಎಳೆದಿದೆ, ನೋಡುವುದು ಇಷ್ಟೇ. ಇದರಲ್ಲಿ ಮಂತ್ರ ತಂತ್ರ ಏನೂ ಇಲ್ಲ. ಹೆಜ್ಜೆ ಅಳಿಸುವ ಕೆಲಸಕ್ಕೆ ನಿಂತ ಮೇಲೆ ಅಳಿಸುವ ಮೊದಲು ನೋಡುವುದು ನನಗೆ ರೂಢಿಯಾಯಿತು. ಕುರಿಯ ಬದಲು ಸಾಹೇಬರು, ಅಷ್ಟೇ ವ್ಯತ್ಯಾಸ.

ದೀಪಾವಳಿ ಹತ್ತಿರ ಬಂದು ನೆಲ ಒಣಗಿದ ಮೇಲೆ ಸಂಬಳಕ್ಕೆ ಆಡುವವರು ಬರುತ್ತಿದ್ದರು. ಸಾಹೇಬರು ಅವರನ್ನು ಪ್ರೊ ಅನ್ನುತ್ತಿದ್ದರು. ಆಟವೇ ಅವರ ಹೊಟ್ಟೆಪಾಡು. ಸಿಕಂದರಾಬಾದಿನವನೊಬ್ಬ, ಕೋಲಾರದವನೊಬ್ಬ, ಮದ್ರಾಸಿನವನೊಬ್ಬ, ಇನ್ನೂ ನಾಲ್ಕಾರು ಮಂದಿ. ವರ್ಷದ ಮೊದಲ ಆಟ ನಮ್ಮ ಬಯಲಿನಲ್ಲಿ. ಆಮೇಲೆ ಸಿಕಂದರಾಬಾದಿಗೆ ಹೋಗುವರು, ಆಮೇಲೆ ಕೋಲಾರಕ್ಕೆ. ನಾಲ್ಕು ದಿನ ಮೊದಲೇ ಬಂದು ನೆಲದ ಪರಿಚಯ ಮಾಡಿಕೊಳ್ಳುತ್ತಿದ್ದರು. ಆಟದ ಹಿಂದಿನ ಸಂಜೆ ಸಾಹೇಬರೆಲ್ಲ ಪಡಸಾಲೆಯಲ್ಲಿ ಕೂತು ಈ ವರ್ಷ ಯಾವ ಊರಲ್ಲಿ ಯಾರು ಗೆಲ್ಲುತ್ತಾರೆಂದು ಒಬ್ಬೊಬ್ಬರೇ ಹೇಳಬೇಕು. ಕ್ಲಬ್ಬಿನ ಕಾರಕೂನ ಅದನ್ನು ಕರೀ ಹಲಗೆಯ ಮೇಲೆ ಸುಣ್ಣದಕಡ್ಡಿಯಿಂದ ಬರೆಯಬೇಕು. ಸಂಕ್ರಾಂತಿ ದಾಟಿ ಕೋಲಾರದ ಆಟ ಮುಗಿಯುವ ತನಕ ಆ ಹಲಗೆ ಒರೆಸುವಂತಿಲ್ಲ. ಯಾರ ಮಾತು ಸುಳ್ಳಾಯಿತೋ ಅವರು ಅಲ್ಲಿಯವರೆಗೆ ದಿನಾ ಅದನ್ನು ನೋಡಿಕೊಂಡು ಚಹಾ ಕುಡಿಯಬೇಕು.

ಮೊದಲ ವರ್ಷ ಎಲ್ಲರೂ ಸಿಕಂದರಾಬಾದಿನವನ ಹೆಸರು ಹೇಳಿದ್ದರು. ಎತ್ತರದ ಆಳು, ಅವನು ಹೊಡೆದರೆ ಚೆಂಡು ಕಣ್ಣಿಗೆ ಸಿಗುತ್ತಿರಲಿಲ್ಲ. ನಾನು ಕಣದ ಮೇಲೆ ಅವನ ಹೆಜ್ಜೆ ನೋಡಿದೆ. ಕುಳಿ ಎರಡು ಮೊಳ ದೂರದಲ್ಲಿದೆ, ಮಕ್ಕಳೂ ಹಾಕಬಹುದು. ಅಲ್ಲಿ ನಿಂತು ಅವನು ಕಾಲನ್ನು ನಾಲ್ಕು ಸಲ ಎತ್ತಿ ಇಟ್ಟಿದ್ದ. ಪ್ರತಿ ಕಣದಲ್ಲೂ ಹಾಗೆಯೇ. ಮದ್ರಾಸಿನವನ ಕಾಲು ಮಾತ್ರ ನೆಟ್ಟ ಗೂಟ. ಮನೆಗೆ ಬಂದು ರೊಟ್ಟಿ ಬಡಿಯುತ್ತಾ ಗಂಡನಿಗೆ ಹೇಳಿದೆ.

"ಆ ಉದ್ದನ್ನ ಮನಶ್ಯಾ ಹತ್ರ ಬಂದ್ಕೂಡ್ಲೇ ಅಂಜ್ತಾನ. ಅವ ಗೆಲ್ಲೂದಿಲ್ಲ, ಮದ್ರಾಸಿನವ ಗೆಲ್ತಾನ."

"ಹೋಗಲೇ, ನಿನಗೇನು ತಿಳೀತದ? ಚೆಂಡು ಮುಗಲಿಗೆ ಹೊಡೀತಾನ ಅವ."

"ಮುಗಲಾಗ ಕುಳಿ ಅದಾವೇನು?"

ಮರುದಿನ ಅದನ್ನೇ ಅವನು ಕಾರಕೂನನಿಗೆ ತಮಾಷೆಗೆಂದು ಹೇಳಿದ. ಕಾರಕೂನ ಮುಸಲ್ಮಾನ, ನಗೆಗಾರ, ನಮ್ಮ ಮೇಲೆ ಪ್ರೀತಿ ಇದ್ದವನು. ಹಲಗೆಯ ಕೆಳಗೆ ಒಂದು ಸಾಲು ಬರೆದು ಚೀಲ ಹೊರುವವನ ಮಾತು ಎಂದು ಸೇರಿಸಿದ. ಮದ್ರಾಸಿನವನು ಗೆದ್ದ. ಮುಂದಿನ ವರ್ಷ ಸಾಹೇಬರೇ ಕರೆದು ಕೇಳಿದರು. ಅದರ ಮುಂದಿನ ವರ್ಷ ಅವನ ಸಾಲು ಹಲಗೆಯ ಮೇಲ್ಗಡೆ ಬಂತು. ಬಸ್ ನಿಲ್ಲುವಲ್ಲಿ, ಚಹಾದ ಅಂಗಡಿಯಲ್ಲಿ ಜನ ಅವನನ್ನು ಜೋಯಿಸ ಎಂದು ಕರೆಯತೊಡಗಿದರು. ಕಲ್ಲು ಒಡೆದವನಿಗೆ ಅದುವರೆಗೆ ಯಾರೂ ಕೂಡಲು ಹೇಳಿರಲಿಲ್ಲ. ಈಗ ಹೇಳುತ್ತಿದ್ದರು. ನಾನು ಹೇಳಿದ್ದೆಂದು ಅವನು ಎಲ್ಲಿಯೂ ಹೇಳಲಿಲ್ಲ. ಹೇಳಿದ್ದರೆ ಯಾರು ನಂಬುತ್ತಿದ್ದರು. ನನಗೂ ಅದು ಬೇಕಿರಲಿಲ್ಲ.

ಈ ನಡುವೆ ಅವನೂ ಆಡಲು ಕಲಿತಿದ್ದ. ಸಾಹೇಬರು ಇಲ್ಲದ ಹೊತ್ತಿನಲ್ಲಿ ಮುರಿದ ಕೋಲು ಹಿಡಿದು ಹೊಡೆಯುತ್ತಿದ್ದ. ಉಳಿ ಹಿಡಿದ ಕೈ, ಗುರಿ ತಪ್ಪುತ್ತಿರಲಿಲ್ಲ. ನಾಲ್ಕನೆಯ ವರ್ಷ ದೊಡ್ಡ ಎಂಜಿನಿಯರ್ ಸಾಹೇಬ, ಮೈಸೂರು ಕಡೆಯವನು, ನಮ್ಮ ಬಯಲಿಗೂ ಒಬ್ಬ ಪ್ರೊ ಬೇಕು ಎಂದು ಹಟ ಹಿಡಿದ. ಚೀಲ ಹೊರುವವರಲ್ಲಿ ನನ್ನ ಗಂಡನನ್ನೇ ಆರಿಸಿದ. ವರ್ಷದ ಮೊದಲ ಆಟದಲ್ಲಿ ಹೊರಗಿನವರ ಜೊತೆ ಎರಡು ಸುತ್ತು ಪೂರ್ತಿ ಆಡಬೇಕು. ಗೆಲ್ಲಬೇಕಾಗಿಲ್ಲ, ಮುಗಿಸಿದರೆ ಸಾಕು. ಮುಗಿಸಿದರೆ ಕೆಲಸ ಕಾಯಂ, ಕ್ಲಬ್ಬಿನ ಹಿಂದೆ ಇರಲು ಒಂದು ಕೋಣೆ, ಸಾಹೇಬರಿಗೆ ಆಟ ಕಲಿಸುವುದು. ಮುಗಿಸದಿದ್ದರೆ ಬೇರೆಯವನಿಗೆ. ನನ್ನ ಗಂಡನಿಗೆ ಗೊತ್ತಿದ್ದ ಬೇರೆ ಕೆಲಸ ಒಂದೇ, ಮಸ್ಕಿಯ ಕಲ್ಲು. ಈ ಕೋಣೆ ಸಿಕ್ಕರೆ ಅವನು ಆ ಗುಡ್ಡ ಹತ್ತಬೇಕಾಗಿರಲಿಲ್ಲ. ನನಗೆ ಬೇಕಾದದ್ದು ಅಷ್ಟೇ.

ಹೊರಗಿನವರು ಬಂದರು. ನಾಲ್ಕು ದಿನ ಎಲ್ಲರೂ ಆಡಿ ನೋಡಿದರು, ಇವನೂ ಆಡಿದ. ನಾನು ಗೋಣಿ ಎಳೆಯುತ್ತಾ ಅವರ ಹಿಂದೆಯೇ ಇದ್ದೆ. ಹೊರಗಿನವರ ಬೂಟಿನ ಗುರುತುಗಳ ನಡುವೆ ಇವನದು ಬರಿಗಾಲು, ಹುಡುಕಬೇಕಾಗಿರಲಿಲ್ಲ. ಮೊದಲ ಕಣದಲ್ಲಿ ಅಂಗಾಲು ಪೂರ್ತಿ ಊರಿತ್ತು. ಐದನೆಯದರಲ್ಲಿ ಬೆರಳು ಆಳಕ್ಕೆ, ಹಿಮ್ಮಡಿ ತೇಲಿತ್ತು. ಮುಂದಕ್ಕೆ ಬಾಗಿ ಉಸಿರು ಎಳೆದಿದ್ದಾನೆಂದು ತಿಳಿಯಿತು. ಎರಡನೆಯ ಸುತ್ತಿಗೆ ಹೆಜ್ಜೆಯ ಪಕ್ಕದಲ್ಲಿ ಸಣ್ಣ ಕುಣಿ, ಕೋಲು ಊರಿಕೊಂಡು ನಿಂತದ್ದು. ಮೂರನೆಯ ದಿನ ಎರಡನೆಯ ಸುತ್ತಿನ ಏಳನೆಯ ಕಣದ ಅಂಚಿನಲ್ಲಿ ಒಂದು ದುಂಡು ಗುರುತು ಇತ್ತು. ಮೊಣಕಾಲು. ಅಲ್ಲಿ ಕೂತುಬಿಟ್ಟಿದ್ದ. ಯಾರೂ ನೋಡಿರಲಿಲ್ಲ. ನಾನು ಗೋಣಿ ಎಳೆದು ಅಳಿಸಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಒಲೆಯ ಮುಂದೆ ಕೂತು ಅವನು ಕೇಳಿದ. ಪ್ರತಿ ವರ್ಷ ಕೇಳುವ ಹಾಗೆಯೇ ಕೇಳಿದ.

"ಹೇಳು, ಯಾರದು ಈ ವರ್ಷ?"

"ಇಲ್ಲಿ ಮದ್ರಾಸಿನವ. ಸಿಕಂದರಾಬಾದಿನ್ಯಾಗ ಆ ಗಿಡ್ಡ, ಹೊಸದಾಗಿ ಬಂದಾನಲ್ಲ, ಅವ. ಕೋಲಾರದವಗ ಸೊಂಟ ಹಿಡದದ, ಎಡಗಾಲು ಎಳೀತಾನ. ಅವ ತನ್ನ ಊರಾಗೂ ಸೋಲ್ತಾನ."

"ಮತ್ತ ನಾನು?"

ಒಂದು ರೊಟ್ಟಿ ತಿರುವಿ ಹಾಕಿದೆ. ಆಮೇಲೆ ಹೇಳಿದೆ. "ನೀ ಎರಡನೇ ಸುತ್ತಿನ್ಯಾಗ ಏಳನೇ ಕಣ ದಾಟೂದಿಲ್ಲ."

ಅವನು ರೊಟ್ಟಿ ತಿಂದ, ನೀರು ಕುಡಿದ, ಹೋದ. ಸುಳ್ಳು ಹೇಳಬಹುದಾಗಿತ್ತು ಎಂದು ಆಮೇಲೆ ನಮ್ಮಕ್ಕ ನನಗೆ ಬೈದಳು. ಹೇಳಬಹುದಾಗಿತ್ತು. ನನಗೆ ಹೊಳೆಯಲಿಲ್ಲ. ಕೇಳಿದ, ಹೇಳಿದೆ. ಕೇಳಿದ್ದಕ್ಕೆ ಬೇರೆ ಉತ್ತರ ಕೊಡಬಹುದು ಎಂಬುದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಅದು ಒಳ್ಳೆಯತನವೂ ಅಲ್ಲ, ಕೆಟ್ಟತನವೂ ಅಲ್ಲ, ದಡ್ಡತನ.

ಅವನು ಹೇಗಾದರೂ ಆಡಿ ನೋಡುತ್ತಾನೆ ಎಂದು ನಾನು ತಿಳಿದಿದ್ದೆ. ಮೆಲ್ಲಗೆ ನಡೆದರೆ, ನಡುನಡುವೆ ಕೂತರೆ, ಮೋಡ ಇದ್ದು ತಂಪಾದರೆ, ಮುಗಿಸಿದರೂ ಮುಗಿಸಬಹುದು. ನಾನು ಕಾಲು ನೋಡಿ ಹೇಳುವವಳು, ದೇವರಲ್ಲ. ಕಣಕ್ಕೆ ಗೋಣಿ ಎಳೆಯುವ ನೆಪದಲ್ಲಿ ಅವನಿಗೆ ಉಸಿರು ತೆಗೆದುಕೊಳ್ಳಲು ಸ್ವಲ್ಪ ಹೊತ್ತು ಕೊಡಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ಸಂಜೆ ಪಡಸಾಲೆ ತುಂಬಿತ್ತು. ನಾನು ಮೆಟ್ಟಿಲ ಕೆಳಗೆ ಡಬ್ಬಿಗೆ ಎಣ್ಣೆ ಬಗ್ಗಿಸುತ್ತಿದ್ದೆ. ಸಾಹೇಬರದು ಮುಗಿಯಿತು. ದೊಡ್ಡ ಸಾಹೇಬ ಇವನ ಕಡೆ ತಿರುಗಿದ.

"ಏನಯ್ಯಾ ಜೋಯಿಸ, ಹೇಳು. ಈ ವರ್ಷ ಯಾರು?"

ಇವನು ಕೈ ಕಟ್ಟಿ ನಿಂತು ಹೇಳಿದ. "ಇಲ್ಲಿ ಮದ್ರಾಸಿನವ್ರು ಗೆಲ್ತಾರ್ರೀ. ಸಿಕಂದರಾಬಾದಿನ್ಯಾಗ ಈ ಹೊಸಬ್ರು. ಕೋಲಾರದವ್ರು ಎಲ್ಲೂ ಗೆಲ್ಲಂಗಿಲ್ರೀ, ತಮ್ಮ ಊರಾಗೂ."

ಎಲ್ಲರೂ ನಕ್ಕರು. ಕೋಲಾರದವನು ಅಲ್ಲಿಯೇ ಕೂತಿದ್ದ, ಅವನು ನಗಲಿಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡಿದ್ದ.

"ಸರಿ, ನಮ್ಮ ಊರಿನವನ ಕಥೆ ಏನು? ನಿಂದು?"

"ನಾ ಎರಡನೇ ಸುತ್ತಿನ್ಯಾಗ ಏಳನೇ ಕಣ ದಾಟೂದಿಲ್ರೀ."

ಡಬ್ಬಿ ತುಂಬಿ ಎಣ್ಣೆ ನನ್ನ ಕಾಲ ಮೇಲೆ ಹರಿಯಿತು. ಕಾರಕೂನ ಓಡಿ ಬಂದ. "ಮಜಾಕ್ ಮಾಡಾಕತ್ತಾನ್ರೀ ಸಾಹೇಬ್, ಇವಗ ಚಾಷ್ಟಿ ಭಾಳ. ಏ ಭಾಯಿ, ಹೋಗು, ಚೀಲ ಒಳಗಿಡು ಹೋಗು."

"ಮಜಾಕ್ ಅಲ್ಲ. ಬರೀರಿ," ಎಂದ ನನ್ನ ಗಂಡ. ಹಲಗೆ ತೋರಿಸಿ ಬರೆಯಿಸಿದ. ಕಾರಕೂನನ ಕೈಯಲ್ಲಿ ಸುಣ್ಣದಕಡ್ಡಿ ಮುರಿಯಿತು, ಚೂರು ಹಿಡಿದು ಬರೆದ.

ದೊಡ್ಡ ಸಾಹೇಬ ಕೆಟ್ಟವನಲ್ಲ. ಮರುದಿನ ಬೆಳಿಗ್ಗೆ ಆಟಕ್ಕೆ ಮೊದಲು ತಾನೇ ಜೀಪಿನಲ್ಲಿ ಕೂರಿಸಿಕೊಂಡು ದವಾಖಾನೆಗೆ ಕರೆದೊಯ್ದ. ನಾನೂ ಹಿಂದೆ ಹತ್ತಿದೆ. ಡಾಕ್ಟರ್ ಇವನ ಎದೆ ತಟ್ಟಿ, ಬೆನ್ನಿಗೆ ಕೊಳವೆ ಇಟ್ಟು ಕೇಳಿ, "ಎಷ್ಟು ವರ್ಷ ಕಲ್ಲು ಕೊರದಿ?" ಎಂದ. "ಹನ್ನೊಂದು ವರ್ಷ ರೀ." ಮುಂದಿನದನ್ನು ಅವರಿಬ್ಬರು ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಹೊರಗೆ ಬಂದು ಸಾಹೇಬ, "ನೀನು ಆಡೋದು ಬೇಡ. ಚೀಲ ಹೊರೋದೂ ಬೇಡ. ಮನೆಗೆ ಹೋಗಿ ಮಲಗು," ಎಂದ. ನಮ್ಮ ಕೈಗೆ ಹಣ್ಣು ಕೊಟ್ಟ. ಹಣ್ಣು ತೆಗೆದುಕೊಂಡೆವು.

ಅವನ ಬದಲು ಇನ್ನೊಬ್ಬ ಚೀಲ ಹೊರುವವನನ್ನು ನಿಲ್ಲಿಸಿದರು. ಅವನು ಎಲ್ಲರಿಗಿಂತ ಹಿಂದೆ ಬಂದ, ಆದರೆ ಮುಗಿಸಿದ. ಕೋಣೆ ಅವನಿಗೆ ಸಿಕ್ಕಿತು. ಮದ್ರಾಸಿನವನು ಗೆದ್ದ.

ಮನೆಗೆ ಬಂದ ಮೇಲೆ ನಾನು ಬಾಯಿಗೆ ಬಂದ ಹಾಗೆ ಬೈದೆ. "ಯಾಕ ಹೇಳಿದಿ? ಯಾರು ಕೇಳಿದ್ರು ನಿನ್ನ? ಗೆಲ್ತೀನಿ ಅಂದಿದ್ರ ನಿನ್ನ ನಾಲಿಗಿ ಬೀಳ್ತಿತ್ತೇನು?"

"ಸಾಹೇಬ ಕೇಳಿದ. ನೀ ಕೇಳಿಸ್ಕೊಂಡಿಲ್ಲೇನು?"

"ಕೇಳಿದ್ರ? ಕೋಣಿ ಕೈಯಾಗ ಬಂದಿತ್ತು. ಬಾಯಿ ಮುಚ್ಚಿಕೊಂಡು ಆಡಿದ್ರ ನಾ ಹೆಂಗರ ದಾಟಿಸ್ತಿದ್ನಿ."

"ಅಲ್ಲಲೇ, ಮೂರು ವರ್ಷ ನನ್ನ ಮಾತು ಸುಳ್ಳಾಗಿಲ್ಲ. ಮುಗಸ್ತೀನಿ ಅಂತ ಬರಸಿ, ಏಳನೇ ಕಣದಾಗ ಬಿದ್ದಿದ್ರ? ಕೋಲಾರದ ಆಟ ಮುಗಿಯೂ ತನಕ ಆ ಹಲಗಿ ಮ್ಯಾಲ ನನ್ನ ಸುಳ್ಳು ಇರ್ತಿತ್ತು."

ಕೂಡು ಎಂದವರ ಮುಂದೆ ಅವನಿಗೆ ಸುಳ್ಳನಾಗಿ ನಿಲ್ಲುವುದು ಆಗಲಿಲ್ಲ. ಅನ್ನಕ್ಕಿಂತ, ಉಸಿರಿಗಿಂತ ಅದು ದೊಡ್ಡದಾಗಿತ್ತು. ಅದೂ ನನ್ನ ಕಣ್ಣಿನಿಂದ ಬಂದ ಹೆಸರು. ನನಗೆ ಸಿಟ್ಟು ಬಹಳ ದಿನ ಹೋಗಲಿಲ್ಲ. ಅವನು ಸತ್ತ ಮೇಲೂ ಸ್ವಲ್ಪ ದಿನ ಇತ್ತು.

ಚೀಲ ಹೋದ ಮೇಲೆ ಲಿಂಗಸುಗೂರಿನಲ್ಲಿ ಏನಿದೆ. ನಮ್ಮಕ್ಕ ಸಿಂಧನೂರಿನಲ್ಲಿದ್ದಳು. ಅಲ್ಲಿ ಕಾಲುವೆ ತೋಡುತ್ತಿದ್ದರು, ಮಣ್ಣು ಹೊರುವವರಿಗೆ ಕೆಲಸ ಇತ್ತು. ಕಲ್ಲಿನ ಲಾರಿಯೊಂದರ ಮೇಲೆ ಕೂತು ಹೊರಟೆವು. ಮಸ್ಕಿಯಲ್ಲಿ ಲಾರಿ ಚಹಾಕ್ಕೆ ನಿಂತಿತು. ಗುಡ್ಡದಲ್ಲಿ ಮದ್ದು ಸಿಡಿಸುವ ಸದ್ದು ಕೇಳಿಸಿತು. ಡ್ರೈವರು, "ನಿಂಗ ಈ ಕೆಲಸ ಬರ್ತದಂತಲ್ಲ, ಇಲ್ಲೇ ಇಳೀತಿಯೇನು?" ಎಂದು ಕೇಳಿದ. ನನ್ನ ಗಂಡ ಉತ್ತರ ಕೊಡುವ ಮೊದಲೇ ನಾನು, "ಅವಂದು ಆ ಕೆಲಸ ಮುಗದದ, ನೀ ಚಾ ಕುಡಿ," ಎಂದೆ.

ಅಕ್ಕನ ಮನೆಯ ಹಿಂದೆ ದನ ಕಟ್ಟುತ್ತಿದ್ದ ಜಾಗದಲ್ಲಿ ತಟ್ಟಿ ಕಟ್ಟಿಕೊಂಡು ಇದ್ದೆವು. ನಾನು ಬೆಳಿಗ್ಗೆ ಬುಟ್ಟಿ ಹಿಡಿದು ಕಾಲುವೆಗೆ ಹೋಗುವುದು, ಅವನು ಗೋಡೆಗೆ ಒರಗಿ ಕೂಡುವುದು. ಮೊದಲು ಅಂಗಳದವರೆಗೆ ನಡೆಯುತ್ತಿದ್ದ. ಬೇಸಿಗೆಯಲ್ಲಿ ಬಾಗಿಲವರೆಗೆ. ಮಳೆಗಾಲದಲ್ಲಿ ಎದ್ದು ಕೂಡಲು ನನ್ನ ಕೈ ಬೇಕಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಅದಕ್ಕೆ ಕೂತೇ ನಿದ್ದೆ ಮಾಡುತ್ತಿದ್ದ. ಸಂಕ್ರಾಂತಿ ದಾಟಿದ ಮೇಲೊಮ್ಮೆ, ಸಿಕಂದರಾಬಾದು, ಕೋಲಾರ ಎರಡೂ ಅವನು ಹೇಳಿದ ಹಾಗೆಯೇ ಆದವೆಂದು ಕಾರಕೂನ ಲಾರಿಯವರ ಕೈಯಲ್ಲಿ ಹೇಳಿ ಕಳಿಸಿದ್ದ. ಆವತ್ತು ಇವನು ಎರಡು ರೊಟ್ಟಿ ತಿಂದ.

ದಸರಾ ಮುಗಿದು ನಾಲ್ಕೈದು ದಿನವಾಗಿತ್ತು, ಕಾರಕೂನನೇ ಬಸ್ಸು ಹಿಡಿದು ಸಿಂಧನೂರಿಗೆ ಬಂದ. ಇವನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ಆಮೇಲೆ ಒಳಗೆ ಬಂದು ಕೂತ, ನಗು ತಂದುಕೊಂಡ.

"ಸಾಹೇಬ್ರು ಕಳಿಸ್ಯಾರ, ಭಾಯಿ. ಜೋಯಿಸಂದು ಈ ವರ್ಷದ ಮಾತು ಕೇಳ್ಕೊಂಡು ಬಾ ಅಂದಾರ. ಹಲಗಿ ಮ್ಯಾಲ ನಿಂದೊಂದು ಸಾಲು ಬಿಟ್ಟೀವಿ."

ಇವನ ಮುಖ ಬದಲಾಯಿತು. ನನ್ನ ಕಡೆ ಕೈ ಚಾಚಿದ, ಎತ್ತಿ ನೆಟ್ಟಗೆ ಕೂರಿಸಿದೆ. ಒಂದೊಂದು ಮಾತಿಗೆ ಉಸಿರು ತೆಗೆದುಕೊಂಡು ಹೇಳಿದ. ಲಿಂಗಸುಗೂರಿನಲ್ಲಿ ಮತ್ತೆ ಮದ್ರಾಸಿನವನು, ಸಿಕಂದರಾಬಾದಿನಲ್ಲಿ ಅದೇ ಊರಿನವನು, ಕೋಲಾರದಲ್ಲಿ ಗಿಡ್ಡ. ಕಾಲು ನೋಡಿದವರಿಲ್ಲ, ಕಣ ನೋಡಿದವರಿಲ್ಲ. ಬಾಯಿಗೆ ಬಂದದ್ದು. ಕಾರಕೂನ ಚೀಟಿಯಲ್ಲಿ ಬರೆದುಕೊಂಡು ನನ್ನ ಮುಖ ನೋಡಿದ. ಅವನಿಗೆ ಸಂಶಯ ಮೊದಲಿಂದಲೂ ಇತ್ತೋ ಏನೋ. ನಾನು ನೀರು ತಂದುಕೊಟ್ಟೆ.

ಅವನು ಹೋದ ಮೇಲೆ ಗಂಡ ಕೇಳಿದ. "ಸರಿ ಹೇಳಿದ್ನೇನು?"

"ಸರಿ ಹೇಳಿದಿ."

"ಸುಳ್ಳು ಹೇಳೂದು ಯಾವಾಗ ಕಲ್ತೆಲೇ?" ಎಂದು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಿಂತ ಮೇಲೆ, "ಇದಕ್ಕರ ಖರೇ ಹೇಳು. ನಂದು ಎಷ್ಟು ದಿನ?" ಎಂದ.

ಆವತ್ತು ಬೆಳಿಗ್ಗೆ ಬಚ್ಚಲಿಗೆ ಹಿಡಿದುಕೊಂಡು ಹೋದಾಗ ಹಸಿ ನೆಲದ ಮೇಲೆ ಅವನ ಹೆಜ್ಜೆ ನೋಡಿದ್ದೆ. ಹೆಜ್ಜೆಯೇ ಮೂಡಿರಲಿಲ್ಲ, ಎಳೆದ ಎರಡು ಗೆರೆ.

"ದೀಪಾವಳಿ ಮುಟ್ಟೂದಿಲ್ಲ," ಎಂದೆ.

"ಹಂಗಾದ್ರ ಹೊಸ ಧೋತ್ರ ತರಬ್ಯಾಡ. ನಿನ್ನ ಸೀರಿ ಹರದದ, ನೀ ತಗೋ."

ನಾನು ಸೀರೆ ತಂದುಕೊಂಡೆ. ದೀಪಾವಳಿ ಬಂತು. ಅವನು ಗೋಡೆಗೆ ಒರಗಿಯೇ ಇದ್ದ. ಹಬ್ಬದ ಮರುದಿನ ಬೆಳಿಗ್ಗೆ ನಾನು ಬುಟ್ಟಿ ತೆಗೆದುಕೊಳ್ಳುವಾಗ ಕಣ್ಣು ಬಿಟ್ಟು, "ಏನಽ, ದೊಡ್ಡ ಜೋಯಿಸಿ, ನಿನ್ನ ಮಾತು ಸುಳ್ಳಾತಲ್ಲ," ಎಂದ. ಅದರ ಮರುದಿನವೂ ಅಂದ. ಅಕ್ಕನನ್ನು ಕರೆದು ತೋರಿಸಿದ, "ನೋಡವ್ವಾ, ನಿನ್ನ ತಂಗಿ ನನ್ನ ಸಾಯಿಸಿ ಸೀರಿ ಉಟ್ಕೊಂಡಾಳ." ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದಳು. ನಾನು, "ಬಾಯಿ ಬಿಟ್ರ ಉಸಿರು ಹೋಗ್ತದ, ಸುಮ್ನ ಕುಂದ್ರು," ಎಂದು ಕೆಲಸಕ್ಕೆ ಹೋದೆ. ದಿನಾ ಬೆಳಿಗ್ಗೆ ಅವನು ಅದನ್ನು ಹೇಳಿದ, ದಿನಾ ನಾನು ಬೈದೆ. ಹೀಗೆ ಹನ್ನೊಂದು ದಿನ.

ಹನ್ನೆರಡನೆಯ ದಿನ ಬುಟ್ಟಿ ಹಿಡಿದುಕೊಂಡು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಅವನು ಏನೂ ಹೇಳಲಿಲ್ಲ. ಬುಟ್ಟಿ ಕೆಳಗಿಟ್ಟು ಅಕ್ಕನನ್ನು ಕರೆದೆ.